ಬಿಲ್ಲಿಂಗ್ ಕೌಂಟರಿನ ಸಂಬಳ ಕಾಗದದ ಮೇಲೆ ಬರಲಿ



ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಅಂಗಡಿ ಬೀದಿಗಳಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ: ಬಿಲ್ಲಿಂಗಿಗೆ ಜನ ಸಿಗುತ್ತಿಲ್ಲ, ಡಿಗ್ರಿ ಮಾಡಿದ ಮಕ್ಕಳಿಗೆ ಊರಿನ ಕೆಲಸ ಬೇಡ, ಎಲ್ಲರೂ ಬೆಂಗಳೂರಿನ ರೈಲು ಹತ್ತುತ್ತಾರೆ. ವರ್ತಕರು ಇದನ್ನು ಹೇಳುತ್ತಾರೆ. ವೇದಿಕೆ ಹತ್ತಿದ ಮುಖಂಡರೂ ಇದನ್ನೇ ಹೇಳಿ ಯುವಕರಿಗೆ ಬುದ್ಧಿವಾದ ಕೊಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಅಂಗಡಿ, ಮಂಡಿಗಳ ಜಿಎಸ್‌ಟಿ ಲೆಕ್ಕ ಬರೆದು ಜೀವನ ಮಾಡುವವನು ನಾನು. ಯಾರ ಲೆಕ್ಕವನ್ನೂ ಬೀದಿಗೆ ತರುವುದಿಲ್ಲ, ಯಾರ ಹೆಸರನ್ನೂ ಎತ್ತುವುದಿಲ್ಲ. ಆದರೆ ಕೌಂಟರಿನ ಹಿಂದೆ ಕೂತವರ ಸಂಬಳ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದೇನೆ. ಜನ ಸಿಗದಿರುವುದಕ್ಕೆ ಕಾರಣ ಅಲ್ಲೇ ಇದೆ.

ಮೊದಲು ಆ ಕೆಲಸ ಎಂಥದ್ದು ಎಂದು ನೋಡೋಣ. ಅಡಿಕೆ ಮಂಡಿಯಲ್ಲಿ ಬಿಲ್ಲು ಮಾಡುವವನಿಗೆ ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆಯಾಗಿ ಗೊತ್ತಿರಬೇಕು. ಚೀಲದ ತೂಕ ಕಳೆಯಬೇಕು, ರೈತ ಪಡೆದ ಮುಂಗಡ ಮುರಿದುಕೊಳ್ಳಬೇಕು, ಒಣ ಅಡಿಕೆಗೆ ಶೇ 5 ತೆರಿಗೆ ಹಾಕಬೇಕು. ಅದೇ ಅಜ್ಜಂಪುರದ ಈರುಳ್ಳಿಗಾದರೆ ಜಿಎಸ್‌ಟಿ ಇಲ್ಲ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಲಾರಿ ಹೊರಡುವ ಮುಂಚೆ ಇ-ವೇ ಬಿಲ್ ತೆಗೆಯಬೇಕು. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಿಂದ ನಮ್ಮಲ್ಲಿ ಈ ನಿಯಮವಿದೆ. ವರ್ಷದ ವಹಿವಾಟು 5 ಕೋಟಿ ದಾಟಿದ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಮಾರಿದರೆ ಇ-ಇನ್‌ವಾಯ್ಸ್ ಆಗಬೇಕು. ಕೊಳ್ಳುವವನ ಜಿಎಸ್‌ಟಿ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೂ ಅವನಿಗೆ ಸಿಗಬೇಕಾದ ತೆರಿಗೆ ಜಮೆ ನಿಂತುಹೋಗುತ್ತದೆ, ಮರುದಿನವೇ ಫೋನು ಬರುತ್ತದೆ. ನರ್ಸಿಂಗ್ ಹೋಮಿನ ಬಿಲ್ಲಿಂಗ್ ಇನ್ನೂ ಸೂಕ್ಷ್ಮ. ರೋಗಿಯ ಕಡೆಯವರು ಕಣ್ಣೀರಿಡುತ್ತಾ ನಿಂತಿರುವಾಗಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಒಂದು ಬಗೆಯ ಕಾಗದ, ಯಶಸ್ವಿನಿಗೆ ಇನ್ನೊಂದು ಬಗೆಯ ಕಾಗದ ಜೋಡಿಸಬೇಕು.

2025ರ ಸೆಪ್ಟೆಂಬರ್ 22ನ್ನು ನೆನಪಿಸಿಕೊಳ್ಳಿ. ನವರಾತ್ರಿಯ ಮೊದಲ ದಿನ. ಅಂದಿನಿಂದ ಜಿಎಸ್‌ಟಿ ದರಗಳು ಬದಲಾದವು. ಸೋಪು, ಶಾಂಪೂ, ಟೂತ್‌ಪೇಸ್ಟ್ ಶೇ 18ರಿಂದ 5ಕ್ಕೆ ಇಳಿದವು, ಸಿಮೆಂಟ್ 28ರಿಂದ 18ಕ್ಕೆ ಬಂತು, ಮಕ್ಕಳ ನೋಟ್‌ಬುಕ್ಕಿನ ತೆರಿಗೆ ಪೂರ್ತಿ ಹೋಯಿತು. ಗ್ರಾಹಕರಿಗೆ ಸಂತೋಷ, ಸರ್ಕಾರಕ್ಕೆ ಹೆಸರು. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೊಂದು ಐಟಂ ತೆರೆದು ದರ ತಿದ್ದಿದವರು ಯಾರು? ಹಬ್ಬದ ನೂಕುನುಗ್ಗಲಿನಲ್ಲಿ, ಹಳೆ ಸ್ಟಾಕಿನ ಎಂಆರ್‌ಪಿ ತೋರಿಸಿ ಜಗಳಕ್ಕೆ ನಿಂತ ಗಿರಾಕಿಗೆ ಲೆಕ್ಕ ಬಿಡಿಸಿ ಹೇಳಿದವರು ಯಾರು? ಅದಕ್ಕೂ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯವೇ ಗದ್ದಲವಾಯಿತು. ಸರಿಯಾಗಿ ಬಿಲ್ಲು ಇಟ್ಟುಕೊಂಡವರು ದಾಖಲೆ ಮುಂದಿಟ್ಟು ಉತ್ತರ ಕೊಡಬಹುದಿತ್ತು. ಬಿಲ್ಲಿಲ್ಲದವರು ದಿಕ್ಕು ತೋಚದೆ ನಿಂತರು. ಕೌಂಟರಿನಲ್ಲಿ ಕೂತವರ ಬೆಲೆ ಏನೆಂದು ವ್ಯಾಪಾರಿಗಳಿಗೆ ಆ ತಿಂಗಳಾದರೂ ಅರ್ಥವಾಗಬೇಕಿತ್ತು.

ಇಷ್ಟು ಹೊಣೆ ಹೊರುವವರ ಸಂಬಳ ನಮ್ಮಲ್ಲಿ ಯಾವುದರ ಮೇಲೆ ನಿಲ್ಲುತ್ತದೆ? ಟ್ಯಾಲಿ ಬರುತ್ತದೆಯೇ, ರಿಟರ್ನ್‌ಗೆ ಬೇಕಾದ ಲೆಕ್ಕ ತೆಗೆಯಲು ಬರುತ್ತದೆಯೇ, ಎಷ್ಟು ವರ್ಷದ ಅನುಭವ ಎಂಬ ಪ್ರಶ್ನೆ ಬರುವುದು ಕೊನೆಗೆ. ಮೊದಲು ಕೇಳುವುದು ಯಾರ ಕಡೆಯವನು, ಅಪ್ಪನಿಗೆ ತೋಟ ಎಷ್ಟಿದೆ, ಮದುವೆ ಆಗಿದೆಯೇ ಎಂದು. ತೋಟ ಇದ್ದರೆ "ಸಂಬಳ ಯಾಕಪ್ಪ ಅಷ್ಟೊಂದು", ಇಲ್ಲದಿದ್ದರೆ "ಇಷ್ಟಾದರೂ ಸಿಗುತ್ತಲ್ಲ". ಹೆಣ್ಣುಮಕ್ಕಳಿಗಂತೂ ಒಂದು ಮೆಟ್ಟಿಲು ಕಡಿಮೆಯೇ. ಬಿ.ಕಾಂ ಮುಗಿಸಿ, ಕಂಪ್ಯೂಟರ್ ಕಲಿತು, ಹಳ್ಳಿಯಿಂದ ದಿನಾ ಓಡಾಡುವ ಹುಡುಗಿಗೆ "ಬಸ್ಸು ಫ್ರೀ ಇದೆಯಲ್ಲಮ್ಮ, ಖರ್ಚೇನಿದೆ ನಿನಗೆ" ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಶಕ್ತಿ ಯೋಜನೆ ಬಂದದ್ದು ಆ ಹುಡುಗಿಯ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಎಂದು. ಅದು ಮಾಲೀಕರ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುವುದು ಅನ್ಯಾಯ. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡಬಾರದೆಂದು 1976ರಲ್ಲೇ ಕಾಯ್ದೆಯಾಗಿತ್ತು.

ಇನ್ನು ದುಡಿಮೆಯ ಗಂಟೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲಿ ಒಂದು ದಿನ ರಜೆ, ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. ನಮ್ಮ ಕಡೆ ಬೆಳಗ್ಗೆ ಒಂಬತ್ತಕ್ಕೆ ಬಂದವರು ಬಾಗಿಲು ಹಾಕುವಾಗ ರಾತ್ರಿ ಒಂಬತ್ತಾಗಿರುತ್ತದೆ. ಊಟದ ಒಂದು ಗಂಟೆ ಕಳೆದರೂ ದಿನಕ್ಕೆ 11 ಗಂಟೆ, ವಾರಕ್ಕೆ 66. ಕಾನೂನಿಗಿಂತ 18 ಗಂಟೆ ಹೆಚ್ಚು. ತಿಂಗಳ ಸಂಬಳ 15,000 ಎಂದೇ ಇಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 72 ರೂಪಾಯಿ ಚಿಲ್ಲರೆ. ಎರಡು ಪಟ್ಟೆಂದರೆ 144. ಆ 18 ಗಂಟೆಗೆ ವಾರಕ್ಕೆ ಸುಮಾರು 2,600 ರೂಪಾಯಿ. ತಿಂಗಳಿಗೆ ಹತ್ತು ಸಾವಿರ ದಾಟುತ್ತದೆ. ಯಾವ ಪಟ್ಟಿಯಲ್ಲೂ ಕಾಣಿಸದೆ ಹೋಗುವ ದುಡ್ಡು ಇದು. ಅಷ್ಟು ಹೆಚ್ಚುವರಿ ದುಡಿಸಲು ಕಾಯ್ದೆಯ ಒಪ್ಪಿಗೆಯೇ ಇಲ್ಲ ಎಂಬುದು ಬೇರೆ ಮಾತು.

ನೇಮಕಾತಿ ಪತ್ರ ಇಲ್ಲದ್ದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ ಅದೇ 15,000 ಸಂಬಳಕ್ಕೆ 15 ವರ್ಷ ದುಡಿದು ಬಿಟ್ಟವರಿಗೆ ಗ್ರಾಚ್ಯುಟಿ ಸುಮಾರು 1,29,800 ರೂಪಾಯಿ ಬರಬೇಕು. ಇಪ್ಪತ್ತು ಜನ ಇರುವ ಕಡೆ ಭವಿಷ್ಯ ನಿಧಿಗೆ ಮಾಲೀಕರ ಪಾಲೇ ತಿಂಗಳಿಗೆ 1,800. ಯಾವಾಗ ಸೇರಿದೆ ಎನ್ನುವುದಕ್ಕೆ ಒಂದು ಚೀಟಿಯೂ ಇಲ್ಲದವರು ಇದನ್ನು ಯಾರ ಬಳಿ ಕೇಳಬೇಕು? ಹಬ್ಬಕ್ಕೆ ಬಟ್ಟೆ ಕೊಡುತ್ತೇವೆ, ಮಗಳ ಮದುವೆಗೆ ಮುಂಗಡ ಕೊಡುತ್ತೇವೆ, ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ ಎಂದು ಮಾಲೀಕರು ಹೇಳುತ್ತಾರೆ. ಹಾಗೆ ನಿಜವಾಗಿ ನಡೆದುಕೊಳ್ಳುವವರನ್ನು ನಾನು ಬಲ್ಲೆ. ಅವರ ಬಗ್ಗೆ ಗೌರವವಿದೆ. ಆದರೆ ಮಾಲೀಕರ ಮನಸ್ಸು ಚೆನ್ನಾಗಿದ್ದರೆ ಮಾತ್ರ ಸಿಗುವುದು ಹಕ್ಕಾಗುವುದಿಲ್ಲ. ಮಗ ಗಲ್ಲಾದ ಮೇಲೆ ಕೂತ ದಿನ ಅಪ್ಪ ಕೊಟ್ಟ ಮಾತು ಉಳಿಯುತ್ತದೆಂಬ ಖಾತ್ರಿ ಏನು?

ಕಡಿತದ ವಿಷಯವನ್ನೂ ಹೇಳಲೇಬೇಕು. ಸಂಜೆ ಗಲ್ಲಾದಲ್ಲಿ ಹಣ ಕಡಿಮೆ ಬಂದರೆ, ಬಿಲ್ಲಿನಲ್ಲಿ ತಪ್ಪಾದರೆ, ರಿಟರ್ನ್ ತಡವಾಗಿ ದಂಡ ಬಿದ್ದರೆ ಸಂಬಳದಲ್ಲಿ ಮುರಿದುಕೊಳ್ಳುವುದು ಇಲ್ಲಿ ಮಾಮೂಲು. ನೌಕರನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೂ ಅವನ ವಿವರಣೆ ಕೇಳದೆ ಕಡಿತ ಮಾಡುವಂತಿಲ್ಲ ಎನ್ನುತ್ತದೆ ವೇತನ ಕಾನೂನು. ಮಾಲೀಕರ ಸಂಬಂಧಿಕರು ಬಂದು ಗಲ್ಲಾದಿಂದ ಹಣ ತೆಗೆದುಕೊಂಡು ಹೋದದ್ದಕ್ಕೂ ಬಿಲ್ಲಿಂಗ್‌ನವರು ಲೆಕ್ಕ ಕೊಡಬೇಕಾದ ಪ್ರಸಂಗಗಳು ನಡೆಯುತ್ತವೆ.

ಅಂಗಡಿ ಮಾಲೀಕರನ್ನಷ್ಟೇ ದೂರಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಸರ್ಕಾರವೇ ನಮ್ಮ ಊರುಗಳ ದುಡಿಮೆಗೆ ಕಡಿಮೆ ಬೆಲೆ ಕಟ್ಟುತ್ತಾ ಬಂದಿದೆ. 2025ರ ಏಪ್ರಿಲ್‌ನಲ್ಲಿ ಹೊರಟ ಕನಿಷ್ಠ ವೇತನದ ಕರಡು ಅಧಿಸೂಚನೆಯಲ್ಲೂ ರಾಜ್ಯವನ್ನು ವಲಯಗಳಾಗಿ ಹಂಚಿ, ಬೆಂಗಳೂರನ್ನು ಮೇಲಿಟ್ಟು, ನಮ್ಮಂಥ ತಾಲ್ಲೂಕು ಊರುಗಳನ್ನು ಕೆಳಗಿಡಲಾಗಿತ್ತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆಯುವ ಜಿಎಸ್‌ಟಿ ಪೋರ್ಟಲ್ಲೇ ತರೀಕೆರೆಯಲ್ಲೂ ತೆರೆಯುತ್ತದೆ. ತಡವಾದರೆ ಅಲ್ಲಿ ಬೀಳುವ ದಂಡವೇ ಇಲ್ಲೂ ಬೀಳುತ್ತದೆ. ಮನೆ ಬಾಡಿಗೆ ಇಲ್ಲಿ ಕಡಿಮೆ ಎಂಬುದು ನಿಜ. ಆದರೆ ಔಷಧದ ಬೆಲೆ, ಮೊಬೈಲ್ ರೀಚಾರ್ಜು ಊರು ನೋಡಿ ಇಳಿಯುವುದಿಲ್ಲ. ದೊಡ್ಡ ಕಾಯಿಲೆ ಬಂದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕು; ಮಕ್ಕಳನ್ನು ಹೊರಗಡೆ ಓದಿಸಿದರೆ ಹಾಸ್ಟೆಲ್ ಖರ್ಚು ಬೇರೆ. ಕನಿಷ್ಠ ಕೂಲಿ ಲೆಕ್ಕ ಹಾಕುವಾಗ ಮಕ್ಕಳ ಓದು, ಔಷಧೋಪಚಾರ, ಮುಪ್ಪಿನ ಖರ್ಚು ಸೇರಿಸಬೇಕೆಂದು ರೆಪ್ಟಕೋಸ್ ಬ್ರೆಟ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಮೂರು ದಶಕ ದಾಟಿತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಇಲ್ಲಿ ಒಂದು ಬಾಗಿಲು ತೆರೆದಿದೆ. ಕನಿಷ್ಠ ವೇತನ ನಿಗದಿ ಮಾಡುವಾಗ ಕೆಲಸಗಾರರ ಕೌಶಲವನ್ನು ನೋಡಬಹುದು, ಪ್ರದೇಶವನ್ನು ನೋಡಬಹುದು, ಎರಡನ್ನೂ ನೋಡಬಹುದು ಎಂದು ಅದರಲ್ಲಿದೆ. ಎಂದರೆ ವಲಯ ಮಾಡಲೇಬೇಕೆಂಬ ಕಟ್ಟಳೆ ಇಲ್ಲ. ಲೆಕ್ಕಪತ್ರ, ಬಿಲ್ಲಿಂಗ್‌ನಂಥ ಕೆಲಸಗಳಿಗಾದರೂ ಕೌಶಲವೊಂದನ್ನೇ ಅಳತೆಯಾಗಿ ಇಟ್ಟುಕೊಂಡು ರಾಜ್ಯಕ್ಕೆಲ್ಲ ಒಂದೇ ದರ ಮಾಡಲು ರಾಜ್ಯ ಸರ್ಕಾರಕ್ಕೆ ಅಡ್ಡಿಯಿಲ್ಲ.

ಸಣ್ಣ ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಆನ್‌ಲೈನ್ ವ್ಯಾಪಾರ ಅವರ ಲಾಭವನ್ನು ಹಿಂಡಿದೆ, ಉದ್ದರಿ ವಸೂಲಾಗುವುದಿಲ್ಲ, ಅಡಿಕೆ ಬೆಲೆ ಬಿದ್ದ ವರ್ಷ ಇಡೀ ಬೀದಿ ಮಂಕಾಗುತ್ತದೆ. ಇಬ್ಬರು ಮೂವರನ್ನು ಇಟ್ಟುಕೊಂಡವರು ನಾಳೆಯಿಂದಲೇ ಬೆಂಗಳೂರಿನ ಸಂಬಳ ಕೊಡಲಿ ಎಂದು ನಾನು ಕೇಳುವುದಿಲ್ಲ. ಅವರೂ ಮಾಡಬಹುದಾದದ್ದಿದೆ: ಸಂಬಳ ಎಷ್ಟು, ಗಂಟೆ ಎಷ್ಟು, ರಜೆ ಯಾವತ್ತು, ವರ್ಷಕ್ಕೆ ಏರಿಕೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡುವುದು. ನೇಮಕಾತಿ ಆದೇಶ ಕೊಡಬೇಕೆಂದು ಅಂಗಡಿ ಕಾಯ್ದೆಯಲ್ಲೇ ಇದೆ. ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನ ಒಳಗೆ ಬ್ಯಾಂಕಿಗೇ ಹಾಕಿದರೆ ನೌಕರನಿಗೆ ನಾಳೆ ಮನೆ ಸಾಲಕ್ಕೆ ದಾಖಲೆಯಾದರೂ ಆಗುತ್ತದೆ. ದೊಡ್ಡ ಮಂಡಿ, ಮಾಲ್, ನರ್ಸಿಂಗ್ ಹೋಮಿನವರಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಅವರು ಕಾನೂನು ಹೇಳಿದ್ದನ್ನು ಪೂರ್ತಿ ಕೊಡಲೇಬೇಕು.

ಕಾರ್ಮಿಕ ಇಲಾಖೆಗೆ ನನ್ನ ಮನವಿ ಇಷ್ಟು. ಬಿಲ್ಲಿಂಗ್ ನೋಡಿಕೊಳ್ಳುವವರನ್ನು ಕುಶಲ ಕೆಲಸಗಾರರ ವರ್ಗದಲ್ಲಿ ಸ್ಪಷ್ಟವಾಗಿ ಹೆಸರಿಸಿ. ಉದ್ಯೋಗ ಮೇಳಕ್ಕೆ ಬರುವ ಸಂಸ್ಥೆಗಳು ಸಂಬಳದ ಮೊತ್ತ ಬರೆಯದೆ ಮೇಜು ಹಾಕುವುದನ್ನು ಬಿಡಿಸಿ. ಅಜ್ಜಂಪುರ ತಾಲ್ಲೂಕಾಗಿ ವರ್ಷಗಳಾದವು. ಅಲ್ಲಿಯ ಅಂಗಡಿ ನೌಕರ ದೂರು ಕೊಡಲು ಒಂದು ದಿನದ ಕೂಲಿ ಬಿಟ್ಟು ಬೇರೆ ಊರಿಗೆ ಹೋಗುವಂತಾಗಬಾರದು. ತಿಂಗಳಿಗೊಂದು ದಿನ, ಗೊತ್ತಾದ ತಾರೀಕಿನಲ್ಲಿ, ಕಾರ್ಮಿಕ ನಿರೀಕ್ಷಕರು ತಾಲ್ಲೂಕು ಕಚೇರಿಯಲ್ಲೇ ಕೂತು ಅಹವಾಲು ಕೇಳಲಿ. ಕಡೂರು ಮತ್ತು ತರೀಕೆರೆ ಕ್ಷೇತ್ರಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಕನಿಷ್ಠ ವೇತನದ ವಲಯದ ಪ್ರಶ್ನೆಯನ್ನು ಎತ್ತಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

— ಲೆಕ್ಕಪತ್ರ ಬರೆಯುವ ಒಬ್ಬ ಓದುಗ, ಕಡೂರು