ಎರಡು ಗುಣದ ಒಂದು ಕೋವಿ

ಮಕ್ಕಳೇ, ಹಳೆಯ ನಾಣ್ಯ ಸಿಕ್ಕರೆ ಮೊದಲು ಏನು ಮಾಡುತ್ತೀರಿ? ತಿರುಗಿಸಿ ಇಸವಿ ಹುಡುಕುತ್ತೀರಿ, ಅಲ್ಲವೇ? ಹಳೆಯ ಬ್ರಿಟಿಷ್ ಬೇಟೆಕೋವಿಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಆದರೂ ಬಲ್ಲವರು ಅದು ಯಾವ ಬಗೆಯದು, ಯಾವ ಕಾಲದ್ದು ಎಂದು ಹೇಳುತ್ತಾರೆ. ಹೇಗೆ? ಈ ವಾರ ಒಂದು ವಿಚಿತ್ರ ಕೋವಿಯ ಜಾಡು ಹಿಡಿಯೋಣ.

ಬೇಟೆಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚರೆ ಹಾರಿಸುವ ಕೋವಿ. ಇದರ ನಳಿಗೆಯ ಒಳಮೈ ನುಣುಪು. ಸೀಸದ ಸಣ್ಣ ಚರೆಗಳು ಹರಡಿಕೊಂಡು ಹಾರುತ್ತವೆ. ಇದು ಹಕ್ಕಿಗಳ ಬೇಟೆಗೆ. ಇನ್ನೊಂದು ರೈಫಲ್. ಇದರ ನಳಿಗೆಯ ಒಳಗೆ ಸುರುಳಿ ಸುರುಳಿಯಾದ ಗೀರುಗಳಿರುತ್ತವೆ. ಅದರೊಳಗಿಂದ ಬಂದ ಒಂಟಿ ಗುಂಡು ಬುಗುರಿಯಂತೆ ತಿರುಗುತ್ತ ಗುರಿಯತ್ತ ನೆಟ್ಟಗೆ ಹೋಗುತ್ತದೆ. ಇದು ದೊಡ್ಡ ಪ್ರಾಣಿಗಳಿಗೆ.

ಈಗ ತಜ್ಞರೊಬ್ಬರ ಮೇಜಿನ ಮೇಲೆ ಜೋಡುನಳಿಗೆಯ ಕೋವಿಯೊಂದಿದೆ ಎಂದುಕೊಳ್ಳಿ. ನೋಡಲು ಚರೆ ಕೋವಿಯೇ. ಆದರೆ ಅದಕ್ಕೆ ರೈಫಲ್‌ಗಿರುವಂತೆ ಗುರಿ ನೋಡುವ ಪಟ್ಟಿ ಇದೆ. ತೂಕವೂ ತುಸು ಹೆಚ್ಚು. ಇದೇಕೆ ಹೀಗೆ?

ತಜ್ಞರು ಮೊದಲು ನಳಿಗೆಯ ಮೇಲಿನ ಹೆಸರು, ವಿಳಾಸ ಓದುತ್ತಾರೆ. ತಯಾರಕರು ಅಂಗಡಿ ಬದಲಿಸಿದಾಗ ವಿಳಾಸವೂ ಬದಲಾಗುತ್ತಿತ್ತು; ಅದರಿಂದ ಕಾಲದ ಅಂದಾಜು ಸಿಗುತ್ತದೆ. ಆದರೆ ಹೆಸರೊಂದನ್ನೇ ನಂಬುವಂತಿಲ್ಲ. ಪ್ರಸಿದ್ಧರ ಹೆಸರು ಕೊರೆದ ನಕಲಿಗಳೂ ಇವೆ. ಆದ್ದರಿಂದ ನಳಿಗೆಯನ್ನು ಬಿಚ್ಚಿ ಅದರ ಅಡಿಭಾಗ ನೋಡುತ್ತಾರೆ. ಅಲ್ಲಿರುತ್ತವೆ ಪರೀಕ್ಷೆಯ ಮುದ್ರೆಗಳು!

ಬ್ರಿಟನ್ನಿನಲ್ಲಿ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜನ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯಿದೆಯಿಂದ ಹುಟ್ಟಿತು. ಎರಡೂ ಕಡೆಯ ಮುದ್ರೆಗಳಲ್ಲಿ ಕಿರೀಟವಿದೆ, ಅದರ ಕೆಳಗಿನ ಗುರುತುಗಳು ಬೇರೆ ಬೇರೆ. ನಿಯಮ ಬದಲಾದಾಗಲೆಲ್ಲ ಮುದ್ರೆಗಳೂ ಬದಲಾದವು. ಉದಾಹರಣೆಗೆ ‘ನಾಟ್ ಫಾರ್ ಬಾಲ್’ ಎಂದಿದ್ದರೆ ಅದು 1875ರಿಂದ 1887ರ ನಡುವಿನದು. ನಳಿಗೆಯ ಬಾಯಿ ಕಿರಿದಾಗಿದೆ, ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು.

‘12’ ಎಂಬ ಅಂಕಿಯೂ ಅಲ್ಲಿರಬಹುದು. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಿಂದ ಒಂದೇ ಅಳತೆಯ 12 ಗುಂಡು ಮಾಡಿದರೆ, ಅಂಥ ಒಂದು ಗುಂಡಿನಷ್ಟು ಅಗಲ ಆ ನಳಿಗೆಯ ಒಳಗಿರುತ್ತದೆ. ಸುಮಾರು 18.5 ಮಿಲಿಮೀಟರ್. ಇದೇ 12 ಬೋರ್.

ಕೊನೆಗೆ, ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬಿಚ್ಚಿಟ್ಟ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡುತ್ತಾರೆ. ಉದ್ದಕ್ಕೂ ನುಣುಪು. ಬಾಯಿಯ ಹತ್ತಿರ ಕೆಲವೇ ಅಂಗುಲ ಮಾತ್ರ ಸುರುಳಿ ಗೀರುಗಳು! ಗುಟ್ಟು ರಟ್ಟಾಯಿತು. ಇದು ‘ಪ್ಯಾರಡಾಕ್ಸ್’ ಕೋವಿ.

ಇದನ್ನು ಕಂಡುಹಿಡಿದವರು ಜಾರ್ಜ್ ವಿನ್ಸೆಂಟ್ ಫಾಸ್ಬೆರಿ. ಬಂಗಾಳದ ಸೈನ್ಯದಲ್ಲಿದ್ದು, 1863ರ ಅಂಬೇಲಾ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಅಧಿಕಾರಿ. 1885ರಲ್ಲಿ ಅವರು ಪೇಟೆಂಟ್ ಪಡೆದರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪೆನಿ ಇದನ್ನು ತಯಾರಿಸಿತು. ಚರೆಯನ್ನೂ ಹಾರಿಸಬಹುದು, ಸುಮಾರು 100 ಗಜದವರೆಗೆ ಗುಂಡನ್ನೂ ಗುರಿಯಿಟ್ಟು ಹೊಡೆಯಬಹುದು. ಕಾಡಿನಲ್ಲಿ ಎದುರಾಗುವುದು ಕಾಡುಕೋಳಿಯೋ ಕರಡಿಯೋ ಎಂದು ತಿಳಿಯದ ಭಾರತ, ಆಫ್ರಿಕಾಗಳ ಬೇಟೆಗಾರರಿಗೆ ಇದು ಬಲು ಮೆಚ್ಚುಗೆಯಾಯಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ಇತರರೂ ಇಂಥವನ್ನು ಮಾಡಿದರು. ವೆಸ್ಟ್ಲಿ ರಿಚರ್ಡ್ಸ್ ಕಂಪೆನಿಯ ‘ಎಕ್ಸ್‌ಪ್ಲೋರಾ’ ಅಂಥದೊಂದು.

ಈ ಪರೀಕ್ಷೆಗಳನ್ನು ಮಾಡಬೇಕಾದವರು ತಜ್ಞರು, ನಾವಲ್ಲ. ಹಳೆಯ ಕೋವಿಯಲ್ಲಿ ವರ್ಷಗಳ ಹಿಂದೆ ತುಂಬಿದ ಮದ್ದು ಹಾಗೆಯೇ ಇರಬಹುದು. ಕರಿಮದ್ದಿಗೆಂದು ಪರೀಕ್ಷಿಸಿದ ನಳಿಗೆ ಈಗಿನ ತೋಟಾ ತಾಳದೆ ಸಿಡಿದು ಹಿಡಿದವರ ಕೈಯನ್ನೇ ಹಾರಿಸಬಹುದು. ಅಜ್ಜನ ಮನೆಯ ಅಟ್ಟದಲ್ಲಿ ಕೋವಿ ಕಂಡರೆ ಮುಟ್ಟಬೇಡಿ, ನಳಿಗೆಯೊಳಗೆ ಇಣುಕಲೇಬೇಡಿ. ದೊಡ್ಡವರನ್ನು ಕರೆಯಿರಿ. ದೊಡ್ಡವರೇ, ನೀವು ಪೊಲೀಸ್ ಠಾಣೆಗೆ ತಿಳಿಸಿ. ಪರವಾನಗಿ ಇಲ್ಲದ ಕೋವಿ ಮನೆಯಲ್ಲಿದ್ದರೆ ಅದು ಕಾನೂನಿನ ಪ್ರಶ್ನೆಯೂ ಹೌದು.

ಈಗ ನಿಮಗೊಂದು ಲೆಕ್ಕ: 20 ಬೋರಿನ ನಳಿಗೆ 12 ಬೋರಿನದಕ್ಕಿಂತ ಅಗಲವೋ, ಕಿರಿದೋ? ಸೀಸದ ಗುಂಡುಗಳನ್ನು ನೆನಪಿಸಿಕೊಳ್ಳಿ, ಉತ್ತರ ತಾನಾಗಿ ಹೊಳೆಯುತ್ತದೆ.