ಮೈ ಪಾಠಕ್ಕಾಗಿ ಕಾಯುವುದಿಲ್ಲ

ನಮ್ಮ ರಾಜ್ಯದ ಪಠ್ಯದಲ್ಲಿ ಹದಿಹರೆಯದ ಪಾಠ ಬಹುಕಾಲದಿಂದ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ಮೈ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಬದಲಾವಣೆ ಶುರುವಾಗುತ್ತದೆ. ಮೇಷ್ಟ್ರು ಆ ಪುಟ ತೆರೆಯುವ ಹೊತ್ತಿಗೆ ತರಗತಿಯ ಅನೇಕ ಹುಡುಗಿಯರು ಮುಟ್ಟಾಗಿರುತ್ತಾರೆ. ಎಷ್ಟೋ ಕಡೆ ಆ ಪುಟವೂ ‘ಮನೇಲಿ ಓದ್ಕೊಳ್ಳಿ’ ಎಂಬ ಮಾತಿನಲ್ಲೇ ಮುಗಿದುಹೋಗುತ್ತದೆ.

ಮನೆಯಲ್ಲಿ ಓದಿಸುವವರು ಯಾರು? ಮಗಳು ದೊಡ್ಡವಳಾದರೆ ಆರತಿ ಎತ್ತುತ್ತಾರೆ, ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ, ಊರಿಗೆಲ್ಲ ಸುದ್ದಿಯಾಗುತ್ತದೆ. ಏನಾಯಿತು, ಯಾಕಾಯಿತು ಎಂದು ಅವಳಿಗೆ ಹೇಳುವವರು ಕಡಿಮೆ. ಮಗನಿಗೆ ಆರತಿಯೂ ಇಲ್ಲ, ವಿವರಣೆಯೂ ಇಲ್ಲ. ನಿದ್ದೆಯಲ್ಲಿ ಸ್ಖಲನವಾದರೆ ಏನೋ ರೋಗ ಬಂತೆಂದು ಒಳಗೊಳಗೇ ಹೆದರುತ್ತಾನೆ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಕೊಂಚ ಊದಿ, ಹೆಚ್ಚಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ. ಇದೊಂದು ಮಾತು ಗೊತ್ತಿಲ್ಲದೆ ಅಂಗಿ ಬಿಚ್ಚಲು ನಾಚಿ ಆಟವನ್ನೇ ಬಿಟ್ಟವರು ಇರುತ್ತಾರೆ.

ಹಾಗಾಗಿ ಶಿಕ್ಷಕರ ನೆರವೆಂದರೆ ವರ್ಷಕ್ಕೊಂದು ಉಪನ್ಯಾಸವಲ್ಲ, ಶಾಲೆಯ ದಿನಚರಿ. ಐದು-ಆರನೇ ತರಗತಿಯಲ್ಲೇ ಹುಡುಗ ಹುಡುಗಿಯರಿಬ್ಬರಿಗೂ ಮುಂದೆ ಏನಾಗಲಿದೆಯೆಂದು ನೇರ ಹೆಸರುಗಳಲ್ಲಿ ತಿಳಿಸಬೇಕು. ಶೌಚಾಲಯಕ್ಕೆ ಹೋಗಬೇಕೆಂದವಳನ್ನು ಎಲ್ಲರೆದುರು ಯಾಕೆಂದು ಕೇಳಬಾರದು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ಕೊಡುವ ‘ಶುಚಿ’ ಯೋಜನೆ ನಮ್ಮಲ್ಲಿದೆ. ಆದರೆ ಪ್ಯಾಡ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿದ್ದು, ಕೀಲಿಗಾಗಿ ಹುಡುಗಿ ಅಂಗಳ ದಾಟಿ ಹೋಗಿ ಕೇಳಬೇಕಾದರೆ ಅದು ಇದ್ದೂ ಇಲ್ಲದಂತೆ. ಗಂಟಲು ಒಡೆದ ಹುಡುಗನನ್ನು ಎದ್ದು ನಿಂತು ಪದ್ಯ ಓದೆಂದು ಒತ್ತಾಯಿಸದಿರುವುದೂ ನೆರವೇ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗಿಸುವಾಗ, ಬೆಳೆಯುವ ಮೈಗೆ ರಕ್ತ ಹೆಚ್ಚು ಬೇಕು, ಮುಟ್ಟಿನಲ್ಲಿ ಒಂದಿಷ್ಟು ಹೋಗುತ್ತದೆ ಎಂದು ಎರಡು ಮಾತು ಸೇರಿಸಿದರೆ ಅದೇ ಪಾಠ.

ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಆತಂಕ ಹಳೆಯದು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆತಂಕ ಪಡುವ ತಂದೆತಾಯಿಯರನ್ನು ಗೇಲಿ ಮಾಡಬೇಕಿಲ್ಲ. ಪೋಷಕರ ಸಭೆಯಲ್ಲಿ ಏನು ಕಲಿಸುತ್ತೇವೆಂದು ಮೊದಲೇ ತೋರಿಸಿದರೆ ಅರ್ಧ ಅನುಮಾನ ಕಳೆಯುತ್ತದೆ. ಉಳಿದರ್ಧಕ್ಕೆ ಉತ್ತರ ಮಕ್ಕಳ ಕೈಯ ಮೊಬೈಲಿನಲ್ಲೇ ಇದೆ. ಶಿಕ್ಷಕರು ಬಾಯಿ ಮುಚ್ಚಿದರೆ ಮಕ್ಕಳ ಕುತೂಹಲವೇನೂ ಮುಚ್ಚುವುದಿಲ್ಲ, ಕಲಿಸುವವರು ಬದಲಾಗುತ್ತಾರೆ ಅಷ್ಟೇ.

ಇನ್ನೊಂದು ತೊಡಕು ನಿಜವಾದದ್ದು. ಹಳ್ಳಿಯ ಶಾಲೆಯಲ್ಲಿ ಇರುವವರೆಲ್ಲ ಗಂಡಸರೇ ಆದರೆ? ಹುಡುಗಿಯರೊಡನೆ ವಿವರವಾಗಿ ಮಾತಾಡಲು ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕರೆಯಬಹುದು. ಆದರೆ ಹುಡುಗರ ಗೇಲಿ ನಿಲ್ಲಿಸುವುದು, ಹೊಟ್ಟೆನೋವೆಂದವಳನ್ನು ನಂಬಿ ಕೂರಲು ಬಿಡುವುದು ಮೇಷ್ಟ್ರದ್ದೇ ಕೆಲಸ. ಎಲ್ಲೆಯೂ ಅಷ್ಟೇ ಮುಖ್ಯ: ಮಗುವಿನ ಮೈಯ ಬಗ್ಗೆ ಯಾವ ಶಿಕ್ಷಕರೂ, ಮೆಚ್ಚುಗೆಯಾಗಿಯೂ, ಮಾತಾಡಬಾರದು. ಯಾರೋ ಮುಟ್ಟಬಾರದಂತೆ ಮುಟ್ಟಿದರೆಂದು ಮಗು ಹೇಳಿದರೆ ಮುಚ್ಚಿಡದೆ ಪೊಲೀಸರಿಗೋ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೋ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕರ್ತವ್ಯ.

ಇದಕ್ಕೆ ಹೊಸ ಪುಸ್ತಕ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಆ ಬೀರುವಿನ ಬೀಗ ತೆಗೆದು, ಪ್ಯಾಡನ್ನು ಹುಡುಗಿಯರ ಕೈಗೆಟುಕುವಲ್ಲಿ ಇಟ್ಟರೆ ಶುರುವಾದಂತೆಯೇ.