ಮ್ಯಾನ್‌ಹೋಲ್‌ಗೆ ಇಳಿಸುವುದು ಕಾಯಕವಲ್ಲ



ಮೂರು ದಶಕಗಳಿಗೂ ಹೆಚ್ಚು ಕಾಲ ನಾನು ಸರ್ಕಾರಿ ಎಂಜಿನಿಯರ್ ಆಗಿ ರಸ್ತೆ, ಚರಂಡಿಗಳ ಅಂದಾಜುಪಟ್ಟಿ ತಯಾರಿಸಿದವನು. ನಗರಾಡಳಿತಕ್ಕೆ ಯಾರು ಮುಖ್ಯ ಎಂಬುದು ಭಾಷಣದಿಂದ ತಿಳಿಯುವುದಿಲ್ಲ. ಹಣ ಸಾಲದಾದಾಗ ಯಾವ ಬಾಬ್ತನ್ನು ಮೊದಲು ಹೊಡೆದುಹಾಕುತ್ತಾರೆ ಎಂದು ನೋಡಿದರೆ ಸಾಕು. ನಾನು ಕಂಡಂತೆ ವೃತ್ತದ ಕಾರಂಜಿ, ಅಲಂಕಾರದ ದೀಪಗಳು ಉಳಿಯುತ್ತಿದ್ದವು. ಪೌರಕಾರ್ಮಿಕರ ವಿಶ್ರಾಂತಿ ಕೊಠಡಿ, ಒಳಚರಂಡಿ ಶುಚಿಗೊಳಿಸುವ ಸಣ್ಣ ಯಂತ್ರ ಬಂದಾಗ “ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದರು.

ಒಮ್ಮೆ ಕಿರಿದಾದ ಓಣಿಯೊಂದರಲ್ಲಿ ಒಳಚರಂಡಿ ಕಟ್ಟಿಕೊಂಡಿತು. ದೊಡ್ಡ ಯಂತ್ರ ಒಳಗೆ ಬರಲಿಲ್ಲ. ಗುತ್ತಿಗೆದಾರ ಒಬ್ಬನನ್ನು ಇಳಿಸಿದ. ನಾನು ಮೂಗಿಗೆ ಕರವಸ್ತ್ರ ಹಿಡಿದು ಮೇಲೆ ನಿಂತಿದ್ದೆ. ಪುಣ್ಯಕ್ಕೆ ಆತ ಜೀವಂತವಾಗಿ ಮೇಲೆ ಬಂದ. ಮರುವಾರ “ಯಂತ್ರದಿಂದ ಶುಚಿಗೊಳಿಸಲಾಗಿದೆ” ಎಂಬ ಬಿಲ್ಲಿಗೆ ನಾನೇ ಸಹಿ ಹಾಕಿದೆ. ಆ ಸಹಿ ಇಂದಿಗೂ ನನ್ನನ್ನು ಕಾಡುತ್ತದೆ.

ಅಪಾಯ ನನಗೆ ತಿಳಿಯದೇ ಇರಲಿಲ್ಲ. ಒಳಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದರೆ ಮೂಗಿನ ಗ್ರಹಣಶಕ್ತಿಯನ್ನೇ ಅಳಿಸುತ್ತದೆ. ವಾಸನೆ ಇಲ್ಲವೆಂದು ಇಳಿದವನು ಕುಸಿಯುತ್ತಾನೆ; ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ.

ಕಾನೂನಿಗೆ ಕೊರತೆಯಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೆ, ಶೌಚಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಮೃತರ ಕುಟುಂಬದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಈ ಪದ್ಧತಿ ನಿಲ್ಲಬೇಕೆಂದು ಆದೇಶಿಸಿತು. ಯಂತ್ರಕ್ಕೂ ಕೊರತೆಯಿಲ್ಲ. ಹೈದರಾಬಾದ್ ಜಲಮಂಡಳಿ 2017ರಲ್ಲೇ ಕಿರಿದಾದ ಓಣಿಗೂ ಹೋಗುವ 70 ಸಣ್ಣ ಜೆಟ್ಟಿಂಗ್ ಯಂತ್ರಗಳನ್ನು ಕೆಲಸಕ್ಕಿಳಿಸಿತು.

ಹಣಕ್ಕೆ ಕೊರತೆಯೇ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ 17 ಸಾವಿರ ಕೋಟಿ ರೂಪಾಯಿ ಮೀರಿದ ಅಂದಾಜು ಸಿದ್ಧವಾಗಿದೆ. ಕಾರುಗಳಿಗಾಗಿ ನೆಲ ಕೊರೆಯಲು ಹೊರಟವರು, ಮನುಷ್ಯನನ್ನು ನೆಲದೊಳಗೆ ಇಳಿಸದಿರಲು ಹಣವಿಲ್ಲವೆಂದರೆ ನಾನು ನಂಬಲಾರೆ.

“ಇದೂ ಒಂದು ಕಾಯಕವಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಅಲ್ಲ. ಕಾಯಕವೆಂದರೆ ಒಪ್ಪಿ ಮಾಡುವ, ಗೌರವವಿರುವ ದುಡಿಮೆ. ಹುಟ್ಟಿದ ಜಾತಿಯ ಕಾರಣಕ್ಕೆ, ಹಸಿವಿನ ಕಾರಣಕ್ಕೆ ಒಬ್ಬನನ್ನು ಗುಂಡಿಗೆ ದೂಡಿ ಅದಕ್ಕೆ ಕಾಯಕದ ಹೆಸರಿಡುವುದು ಬಸವಣ್ಣನವರಿಗೆ ಎಸಗುವ ಅಪಚಾರ.

ಬಜೆಟ್‌ಗೆ ಮುನ್ನ ನಿಮ್ಮ ಊರಿನ ನಗರಸಭೆಯನ್ನು ಕೇಳಿ: ಸಣ್ಣ ಯಂತ್ರ ಎಷ್ಟಿವೆ? ಯಾವ ಓಣಿಗೆ ಅವು ಹೋಗುವುದಿಲ್ಲ? ಅಲ್ಲಿ ಯಾರು ಇಳಿಯುತ್ತಾರೆ? ಅದಕ್ಕೂ ಮೊದಲು ನಮ್ಮ ಮಠ, ಪ್ರಸಾದ ನಿಲಯ, ಕಲ್ಯಾಣ ಮಂಟಪಗಳ ಶೌಚಗುಂಡಿಗೆ ಇನ್ನು ಮುಂದೆ ಯಾರನ್ನೂ ಇಳಿಸುವುದಿಲ್ಲವೆಂದು ಆಡಳಿತ ಮಂಡಳಿಗಳು ನಿರ್ಣಯ ಬರೆಯಲಿ. ಸಾವಿರಾರು ಮಂದಿಗೆ ದಾಸೋಹ ನಡೆಸುವವರು ಹಿತ್ತಲ ಗುಂಡಿಯ ಲೆಕ್ಕವನ್ನೂ ಕೊಡಬೇಕು.